ಹೇಂಟೆಗಳ ನಡುವೆ ಹುಂಜ ಬಿಡುವ ಮೊದಲು: ಮಲೆನಾಡಿನ ಹಿತ್ತಲಿಗೊಂದು ಸಮಗ್ರ ಮಾರ್ಗದರ್ಶಿ

"ಅಕ್ಕಾ, ನಮ್ಮ ಕೋಳಿಗಳ ಬೆನ್ನಿನ ಪುಕ್ಕವೆಲ್ಲ ಉದುರಿದೆ, ಏನು ರೋಗ ಇದು?" ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಈ ವರ್ಷ ನಾಲ್ಕು ಮನೆಯವರು ನನ್ನನ್ನು ಇದೇ ಪ್ರಶ್ನೆ ಕೇಳಿದರು. ನಾಲ್ಕೂ ಮನೆಗೆ ಹೋಗಿ ಕೋಳಿ ಹಿಡಿದು ನೋಡಿದೆ. ಎಲ್ಲೂ ರೋಗ ಇರಲಿಲ್ಲ. ಒಂದು ಮನೆಯಲ್ಲಿ ಐದು ಹೇಂಟೆಗೆ ಮೂರು ಹುಂಜ ಇದ್ದವು. ಇನ್ನೊಂದು ಮನೆಯಲ್ಲಿ ಸಂತೆಯಿಂದ ತಂದ ಮೂರೂವರೆ ಕೇಜಿಯ ಗಿರಿರಾಜ ಹುಂಜವನ್ನು, ಒಂದೂಕಾಲು ಕೇಜಿಯೂ ತೂಗದ ನಾಟಿ ಹೇಂಟೆಗಳ ನಡುವೆ ಅವತ್ತೇ ಬಿಟ್ಟಿದ್ದರು. ಉಳಿದ ಎರಡು ಮನೆಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಎಲ್ಲರೂ ಮಾಡಿದ ತಪ್ಪು ಒಂದೇ. ಮೊದಲು ಹುಂಜ ತಂದರು, ಉಳಿದದ್ದನ್ನು ಆಮೇಲೆ ಯೋಚಿಸಿದರು. ಗೂಡು, ಅಂಗಳದ ಜಾಗ, ಹೇಂಟೆಗಳ ಲೆಕ್ಕ, ಲಸಿಕೆ, ಹೆಚ್ಚಾದ ಹುಂಜಗಳಿಗೆ ದಾರಿ, ಇಷ್ಟೂ ಆದ ಮೇಲೆ ಹುಂಜ ಮನೆಗೆ ಬರಬೇಕು. ಕೆಳಗಿನ ಹಂತಗಳನ್ನು ಕೆಲಸ ಸಾಗುವ ಕ್ರಮದಲ್ಲಿ ಬರೆದಿದ್ದೇನೆ, ಆದರೆ ಲಸಿಕೆಯ ವಿಷಯವನ್ನೂ (ಹಂತ 5) ಹೆಚ್ಚಾದ ಹುಂಜಗಳ ವಿಷಯವನ್ನೂ (ಹಂತ 12) ಹುಂಜ ತರುವ ಮೊದಲೇ ಓದಿಕೊಳ್ಳಿ. ದಯವಿಟ್ಟು ನಡುವಿನ ಹಂತ ಬಿಟ್ಟು ಮುಂದಿನದಕ್ಕೆ ಹೋಗಬೇಡಿ.

ಮೊದಲೇ ಕೈಯಲ್ಲಿರಬೇಕಾದ ಸಾಮಾನು

ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್, ಅಡಿಕೆ ದಬ್ಬೆ ಇಲ್ಲವೇ ಬಿದಿರು, ಒಂದು ಕೋಳಿಯನ್ನು ಬೇರೆಯಾಗಿ ಇಡುವಷ್ಟು ದೊಡ್ಡ ಪಂಜರ, ಎರಡು ಮೇವಿನ ತಟ್ಟೆ, ಎರಡು ನೀರಿನ ಪಾತ್ರೆ, ಭತ್ತದ ಹೊಟ್ಟು, ಒಲೆಯ ಬೂದಿ, ಸಣ್ಣ ಅರ, ಟಾರ್ಚು, ಪೋವಿಡೋನ್ ಅಯೋಡಿನ್, ತೂಕದ ಕೊಕ್ಕೆ ತಕ್ಕಡಿ. ಬೇರೆ ಪಂಜರ ಇಲ್ಲದಿದ್ದರೆ ಈ ಕೆಲಸ ಶುರು ಮಾಡುವುದೇ ಬೇಡ. ಗಾಯವಾದಾಗ, ರೋಗ ಬಂದಾಗ, ಹುಂಜಗಳು ಕಾದಾಡಿದಾಗ, ಎಲ್ಲಕ್ಕೂ ಮೊದಲು ಬೇಕಾಗುವುದು ಅದೇ.

ಹಂತ 1: ಹುಂಜ ಬೇಕೇ ಎಂದು ತೀರ್ಮಾನಿಸಿ

ಮೊಟ್ಟೆ ಇಡುವುದಕ್ಕೆ ಹೇಂಟೆಗೆ ಹುಂಜ ಬೇಕಿಲ್ಲ. ಇದನ್ನು ನಂಬದವರು ಈಗಲೂ ಬಹಳ ಮಂದಿ ಇದ್ದಾರೆ. ಹುಂಜ ಬೇಕಾಗುವುದು ಮರಿ ಮಾಡಿಸುವುದಕ್ಕೆ. ಜೊತೆಗೆ, ಅಂಗಳದಲ್ಲಿ ಮೇಯುವ ಹಿಂಡಿಗೆ ಗಿಡುಗ, ಮುಂಗುಸಿ ಬಂದಾಗ ಎಚ್ಚರಿಕೆ ಕೊಡುತ್ತದೆ. ಬರೀ ಮೊಟ್ಟೆ ಸಾಕು ಅನ್ನುವವರು, ಶಿವಮೊಗ್ಗದ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿರುವವರು ಹುಂಜ ಇಡಬೇಡಿ. ಬೆಳಗಿನ ಜಾವದ ಕೂಗನ್ನು ನಿಲ್ಲಿಸುವುದಕ್ಕೆ ಆಗುವುದಿಲ್ಲ. ಗೂಡನ್ನು ಕತ್ತಲೆ ಮಾಡಿದರೂ ಹುಂಜ ಹೊತ್ತಿಗೆ ಸರಿಯಾಗಿ ಕೂಗುತ್ತದೆ, ಅದರ ಮೈಯೊಳಗೇ ಗಡಿಯಾರ ಇದೆ.

ಹಂತ 2: ಲೆಕ್ಕ ಹಾಕಿ

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ. ಇದು ಅಂಗಳದಲ್ಲಿ ಬಿಟ್ಟು ಸಾಕುವವರ ಲೆಕ್ಕ. ಹೇಂಟೆಗಳು ಐದಕ್ಕಿಂತ ಕಡಿಮೆ ಇದ್ದರೆ ಹುಂಜ ಅವುಗಳಿಗೆ ಬಿಡುವೇ ಕೊಡುವುದಿಲ್ಲ. ಅದಕ್ಕೆ ಮೆಚ್ಚಿನವು ಅಂತ ಒಂದೆರಡು ಹೇಂಟೆ ಇದ್ದೇ ಇರುತ್ತವೆ, ಎಲ್ಲ ಹೊಡೆತ ಅವುಗಳ ಬೆನ್ನಿಗೇ ಬೀಳುತ್ತದೆ.

ಎರಡು ಹುಂಜ ಇಡಬೇಕಾದರೆ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಹೇಂಟೆ, ದೂರ ದೂರ ಇಟ್ಟ ಎರಡು ಮೇವಿನ ಜಾಗ, ಸೋತ ಹುಂಜ ಮರೆಯಾಗಲು ಸೌದೆ ರಾಶಿಯೋ ಬಾಳೆ ಹಿಂಡಿಲೋ ಇರಬೇಕು. ಒಂದೇ ಕಾವಿನಲ್ಲಿ ಹುಟ್ಟಿ ಜೊತೆಗೇ ಬೆಳೆದ ಅಣ್ಣತಮ್ಮ ಹುಂಜಗಳು ಹೊಂದಿಕೊಳ್ಳುವ ಸಾಧ್ಯತೆ ಹೆಚ್ಚು. ಬೇರೆ ಬೇರೆ ಮನೆಯಲ್ಲಿ ಬೆಳೆದ ಎರಡು ದೊಡ್ಡ ಹುಂಜಗಳನ್ನು ಒಂದೇ ಗೂಡಿಗೆ ಹಾಕಿದರೆ ಬೆಳಗಾಗುವುದರೊಳಗೆ ಒಂದರ ಕಣ್ಣು ಹೋಗಿರಬಹುದು.

ಹಂತ 3: ಮಳೆಗಾಲವನ್ನು ಲೆಕ್ಕಕ್ಕೆ ಹಿಡಿದು ಗೂಡು ಕಟ್ಟಿ

ಬಯಲುಸೀಮೆಯ ಗೂಡಿನ ಅಳತೆ ನಮಗೆ ಸಾಲುವುದಿಲ್ಲ. ರಾತ್ರಿ ಮಾತ್ರ ಮಲಗುವ ಗೂಡಾದರೆ ಕೋಳಿಗೆ ಎರಡು ಚದರ ಅಡಿ ಸಾಕು. ಆದರೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆ ಮಳೆಯ ಆಸುಪಾಸಿನಲ್ಲಿ, ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳಲ್ಲಿ ಆಷಾಢದಲ್ಲಿ ಕೋಳಿಗಳು ದಿನಗಟ್ಟಲೆ ಹೊರಗೆ ಇಳಿಯುವುದೇ ಇಲ್ಲ. ಆಗ ಹುಂಜಕ್ಕೆ ಬೇರೆ ಕೆಲಸವಿಲ್ಲ, ಹೇಂಟೆಗಳಿಗೆ ಓಡಲು ಜಾಗವಿಲ್ಲ. ಬೆನ್ನು ಬೋಳಾಗುವುದು ಹೆಚ್ಚಾಗಿ ಜುಲೈ ತಿಂಗಳಲ್ಲೇ. ಹಾಗಾಗಿ ಕೋಳಿಗೆ ನಾಲ್ಕು ಚದರ ಅಡಿ ಇಟ್ಟುಕೊಳ್ಳಿ. ಗೂಡಿನ ಮುಂದೆ ಶೀಟು ಇಲ್ಲವೇ ಸೋಗೆ ಹೊದಿಸಿದ, ಮಣ್ಣು ಒಣಗಿರುವ ಒಂದು ಚಪ್ಪರ ಇರಲಿ.

ಗೂಡನ್ನು ನೆಲದಿಂದ ಎರಡು ಅಡಿ ಎತ್ತರಕ್ಕೆ ಕಂಬದ ಮೇಲೆ ಕಟ್ಟಿ. ಮಳೆಗಾಳಿ ಬರುವುದು ಪಡುವಣದಿಂದ, ಆದ್ದರಿಂದ ಆ ಬದಿ ಪೂರ್ತಿ ಮುಚ್ಚಿ, ಬಾಗಿಲನ್ನು ಮೂಡಣಕ್ಕೆ ಇಡಿ. ಮಾಡಿನ ಸೂರು ಗೋಡೆಯಿಂದ ಎರಡು ಅಡಿ ಹೊರಗೆ ಬರಲಿ. ಗೋಡೆಯ ಮೇಲ್ಭಾಗದಲ್ಲಿ ಗಾಳಿ ಆಡಲು ಒಂದು ಗೇಣು ತೆರೆದು ಮೆಶ್ ಹೊಡೆಯಿರಿ. ಗಾಳಿಯಿಲ್ಲದ ಗೂಡಿನಲ್ಲಿ ಹಿಕ್ಕೆಯ ಘಾಟು ಏರಿ ಕೋಳಿಗಳ ಕಣ್ಣಲ್ಲಿ ನೀರು ಬರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಮೂಗಿಗೆ ಆ ಘಾಟು ಬಡಿದರೆ ಅದೇ ಎಚ್ಚರಿಕೆ.

ಷಟ್ಕೋನದ ಕಣ್ಣಿನ ತೆಳು ಕೋಳಿಬಲೆ ಕೋಳಿಯನ್ನು ಒಳಗೆ ಇಡುತ್ತದೆ ಅಷ್ಟೆ, ಮುಂಗುಸಿಯನ್ನು ಹೊರಗೆ ಇಡುವುದಿಲ್ಲ. ಕಾಡುಬೆಕ್ಕು ಅದನ್ನು ಹರಿದೇ ಬರುತ್ತದೆ. ವೆಲ್ಡ್ ಮೆಶ್ ಹಾಕಿ, ಚಪ್ಪರದ ಸುತ್ತಲಿನ ಮೆಶ್ ಅಂಚನ್ನು ಒಂದು ಅಡಿ ಮಣ್ಣಿನೊಳಗೆ ಹೂಳಿ. ರಾತ್ರಿ ಬಾಗಿಲಿಗೆ ಕೊಕ್ಕೆ ಹಾಕಿ ಚಿಲಕ ಜಡಿಯಿರಿ. "ಹುಂಜ ಇದೆಯಲ್ಲ, ಕಾಯುತ್ತದೆ" ಎಂಬ ಭರವಸೆ ಬೇಡ. ಕತ್ತಲಾದ ಮೇಲೆ ಹುಂಜಕ್ಕೂ ಕಣ್ಣು ಕಾಣುವುದಿಲ್ಲ.

ಕೂರುವ ಗಳ ಕೋಳಿಗೆ ಒಂದು ಗೇಣಿನಷ್ಟು ಬರಲಿ, ದಪ್ಪ ಮುಂಗೈಯಷ್ಟಿರಲಿ, ಎತ್ತರ ಎರಡಡಿ ಮೀರದಿರಲಿ. ಭಾರದ ಹುಂಜ ಎತ್ತರದಿಂದ ಧುಮುಕಿದರೆ ಅಂಗಾಲು ಒಡೆದು ಕೀವು ಕಟ್ಟುತ್ತದೆ. ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆಗೂಡು. ಅದನ್ನು ಮರೆಯಲ್ಲಿ, ಹುಂಜ ಸುಲಭಕ್ಕೆ ನುಗ್ಗದಷ್ಟು ಕಿರಿದು ಬಾಯಿಯೊಡನೆ ಮಾಡಿ. ಹೇಂಟೆಗೆ ಅದು ತಪ್ಪಿಸಿಕೊಳ್ಳುವ ಜಾಗವೂ ಆಗುತ್ತದೆ.

ಹಂತ 4: ಹುಂಜವನ್ನು ಆರಿಸಿ

ತೂಕ ನೋಡಿ ಕೊಳ್ಳುವ ಅಭ್ಯಾಸ ಬಿಡಿ. ಸಾರಿಗಾದರೆ ಭಾರದ ಹುಂಜ ಸರಿ, ಹಿಂಡಿಗೆ ಅಲ್ಲ. ಹುಂಜದ ತೂಕ ನಿಮ್ಮ ಹೇಂಟೆಯ ಸರಾಸರಿ ತೂಕದ ಒಂದೂವರೆ ಪಟ್ಟಿನೊಳಗೆ ಇರಲಿ. ಗಿರಿರಾಜ ಹುಂಜವನ್ನು ಗಿರಿರಾಜ ಹೇಂಟೆಗಳ ಜೊತೆ ಬಿಡಿ, ನಾಟಿಯನ್ನು ನಾಟಿಯ ಜೊತೆ. ಅಂಕದ ಜಾತಿಯ ಹುಂಜ ಹಿಂಡಿಗೆ ಬೇಡವೇ ಬೇಡ. ಕಾದಾಟಕ್ಕೆಂದೇ ತಲೆಮಾರುಗಟ್ಟಲೆ ಆರಿಸಿದ ರಕ್ತ ಅದು.

ವಯಸ್ಸು ಎಂಟು ತಿಂಗಳಿಂದ ಒಂದೂವರೆ ವರ್ಷ. ಐದು ತಿಂಗಳ ಎಳೆ ಹುಂಜವನ್ನು ಹಳೆಯ ಹೇಂಟೆಗಳ ನಡುವೆ ಬಿಟ್ಟರೆ ಹೇಂಟೆಗಳೇ ಕುಕ್ಕಿ ಮೂಲೆಗೆ ಹಾಕುತ್ತವೆ. ಎಳೆ ಹೇಂಟೆಗಳ ಜೊತೆ ಬಿಟ್ಟರೋ, ಅದಕ್ಕೆ ತಡೆಯೇ ಇರುವುದಿಲ್ಲ, ಅಟ್ಟಿಸಿಕೊಂಡು ಹೋಗಿ ಹತ್ತುತ್ತದೆ.

ಮಾರುವವರ ಮನೆಗೇ ಹೋಗಿ, ಒಂದು ಹಿಡಿ ನುಚ್ಚು ಚೆಲ್ಲಿ ನೋಡಿ. ಒಳ್ಳೆಯ ಹುಂಜ ಕಾಳನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ಕುಕ್ ಕುಕ್ ಎಂದು ಸದ್ದು ಮಾಡಿ ಹೇಂಟೆಗಳನ್ನು ಕರೆಯುತ್ತದೆ. ಅವು ತಿಂದ ಮೇಲೆ ತಾನು ತಿನ್ನುತ್ತದೆ. ಒಂದು ರೆಕ್ಕೆ ನೆಲಕ್ಕೆ ಇಳಿಸಿ ಹೇಂಟೆಯ ಸುತ್ತ ಬಳಸಿ ನಡೆಯುತ್ತದೆ. ತಾನೇ ಮುಂದೆ ನುಗ್ಗಿ ಹೇಂಟೆಗಳನ್ನು ಕುಕ್ಕಿ ಓಡಿಸುವ ಹುಂಜ ಎಷ್ಟೇ ಚಂದ ಇರಲಿ, ಬಿಟ್ಟು ಬನ್ನಿ. ಆಮೇಲೆ ಜುಟ್ಟು ಕೆಂಪಗಿದೆಯೇ, ಮೂಗು ಸೋರುತ್ತಿದೆಯೇ, ಹಿಂಬದಿಯ ಪುಕ್ಕಕ್ಕೆ ಹಿಕ್ಕೆ ಮೆತ್ತಿದೆಯೇ, ರೆಕ್ಕೆಯಡಿ ಹೇನು ಇದೆಯೇ, ಕಾಲಿನ ಚಿಪ್ಪು ಎದ್ದು ಒರಟಾಗಿದೆಯೇ, ಎಲ್ಲ ನೋಡಿ. ಎದ್ದ ಚಿಪ್ಪಿನ ಅಡಿ ನುಸಿ ಇರುತ್ತದೆ, ಅದು ಇಡೀ ಹಿಂಡಿಗೆ ಹರಡುತ್ತದೆ.

ಹಂತ 5: ಇಪ್ಪತ್ತೊಂದು ದಿನ ಬೇರೆ ಇಡಿ

ಇದನ್ನು ನಾನು ಕಲಿತದ್ದು ಹಿಂಡು ಕಳೆದುಕೊಂಡು. ಒಂದು ಸಲ ಸಂತೆಯಿಂದ ಕೆಂಪು ಹುಂಜ ತಂದು, ಗೂಡು ದೊಡ್ಡದಿದೆಯಲ್ಲ ಎಂದು ನೇರ ಒಳಗೆ ಬಿಟ್ಟೆ. ಆರನೇ ದಿನ ಹುಂಜ ತೂಕಡಿಸಿತು, ಹಿಕ್ಕೆ ಹಸಿರು ಬಂತು. ಹತ್ತನೇ ದಿನಕ್ಕೆ ಹೇಂಟೆಗಳ ಕತ್ತು ತಿರುಚಿಕೊಳ್ಳತೊಡಗಿತು. ಒಂದು ಹೇಂಟೆ ಕತ್ತನ್ನು ಬೆನ್ನಿನ ಮೇಲೆ ಮಡಚಿಕೊಂಡು, ಬಾಯಿ ತೆರೆದು, ಆಕಾಶ ನೋಡುತ್ತಾ ನಿಂತದ್ದು ಇನ್ನೂ ಕಣ್ಣ ಮುಂದಿದೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹದಿನಾಲ್ಕರಲ್ಲಿ ಎರಡು ಉಳಿದವು.

ಹೊಸ ಹುಂಜವನ್ನು ಹಿಂಡಿನಿಂದ ಆದಷ್ಟು ದೂರ, ಕೊಟ್ಟಿಗೆಯ ಆಚೆ ಬದಿಯಲ್ಲೋ ತೋಟದ ಮನೆಯಲ್ಲೋ ಇಡಿ. ಮೊದಲು ಹಳೆಯ ಕೋಳಿಗಳಿಗೆ ಮೇವು ಹಾಕಿ, ಆಮೇಲೆ ಹೊಸದಕ್ಕೆ. ತಟ್ಟೆ, ನೀರು, ಪೊರಕೆ ಎಲ್ಲ ಬೇರೆ. ಅದರ ಪಂಜರ ಗುಡಿಸಿದ ಚಪ್ಪಲಿಯಲ್ಲೇ ಹಿಂಡಿನ ಗೂಡಿಗೆ ಹೋಗಬೇಡಿ.

ಹಿಂಡಿನ ಲಸಿಕೆ ಹುಂಜ ಬರುವ ಎರಡು ವಾರ ಮೊದಲೇ ಮುಗಿದಿರಬೇಕು. ಮರಿಗಳಿಗೆ ಏಳನೇ ದಿನದ ಹೊತ್ತಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಎಂಟು ವಾರಕ್ಕೆ ರೆಕ್ಕೆಯಡಿ ಆರ್‌-ಟು-ಬಿ ಚುಚ್ಚುಮದ್ದು, ಎರಡೂ ಕೊಕ್ಕರೆ ರೋಗದ ಲಸಿಕೆಗಳೇ. ಸೀಸೆಯಲ್ಲಿ ಹೆಚ್ಚಾಗಿ ನೂರು ಕೋಳಿಗಾಗುವಷ್ಟು ಮದ್ದು ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಕೇರಿಯ ನಾಲ್ಕೈದು ಮನೆಯವರು ಸೇರಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿ, ಒಂದೇ ಬೆಳಿಗ್ಗೆ ಎಲ್ಲ ಮನೆಯ ಕೋಳಿಗೂ ಹಾಕಿಸಿ. ಸೀಸೆಯನ್ನು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ತನ್ನಿ. ಜೇಬಿನಲ್ಲಿ ಬೆಚ್ಚಗೆ ಬಂದ ಲಸಿಕೆ ಕೆಲಸಕ್ಕೆ ಬಾರದು. ಜಂತಿನ ಮದ್ದನ್ನೂ ಈ ಮೂರು ವಾರದೊಳಗೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕುಡಿಸಿ.

ಹಂತ 6: ಬಲೆಯ ಆಚೆ ಈಚೆ ಒಂದು ವಾರ

ಇಪ್ಪತ್ತೊಂದು ದಿನ ಆರೋಗ್ಯವಾಗಿದ್ದರೆ ಹುಂಜದ ಪಂಜರವನ್ನು ಹಿಂಡು ಮೇಯುವ ಅಂಗಳದ ನಡುವೆ ತಂದಿಡಿ. ಒಂದನ್ನೊಂದು ನೋಡಲಿ, ಮುಟ್ಟುವುದು ಬೇಡ. ಪಂಜರದ ಎರಡೂ ಬದಿಗೆ ಮೇವು ಹಾಕಿದರೆ ಪಕ್ಕಪಕ್ಕದಲ್ಲೇ ತಿನ್ನಲು ಕಲಿಯುತ್ತವೆ. ಹಳೆಯ ಹುಂಜ ಇದ್ದರೆ ಅದನ್ನು ಈ ವಾರ ಶುರುವಾಗುವ ಮೊದಲೇ ಸಾಗಿಸಿಬಿಡಿ. ಎರಡೂ ಇರಲಿ, ನೋಡೋಣ ಎನ್ನುವ ಮನಸ್ಸಿದ್ದರೆ ಎರಡನೇ ಹಂತದ ಲೆಕ್ಕಕ್ಕೆ ವಾಪಸ್ ಹೋಗಿ.

ಬಲೆಗೆ ಹಾರಿ ಹಾರಿ ಬಡಿದುಕೊಳ್ಳುವುದು ಎರಡು ದಿನದಲ್ಲಿ ನಿಲ್ಲಬೇಕು. ಐದನೇ ದಿನವೂ ನಿಲ್ಲದಿದ್ದರೆ ಇನ್ನೊಂದು ವಾರ ಕಾಯಿರಿ.

ಹಂತ 7: ಬಿಡುವ ದಿನ

ಸಂಜೆ ನಾಲ್ಕರ ಹೊತ್ತಿಗೆ, ಹಿಂಡು ಹೊರಗೆ ಮೇಯುತ್ತಿರುವಾಗ, ಪಂಜರದ ಬಾಗಿಲು ತೆರೆಯಿರಿ. ಗೂಡಿನೊಳಗೆ ಬಿಡಬೇಡಿ, ಅಲ್ಲಿ ಓಡಲು ದಾರಿಯಿಲ್ಲ. ಕತ್ತಲಾಗಲು ಎರಡು ಎರಡೂವರೆ ತಾಸು ಉಳಿದಿರುವುದರಿಂದ ಜಗಳವಾದರೂ ಬೇಗ ಮುಗಿದು ಎಲ್ಲವೂ ಗಳ ಏರುತ್ತವೆ. ಬಿಡುವ ಮೊದಲು ನುಚ್ಚನ್ನು ನಾಲ್ಕೈದು ಕಡೆ ಚದುರಿಸಿ. ಮಳೆ ಹಿಡಿದ ದಿನ ಈ ಕೆಲಸ ಬೇಡ.

ಅವತ್ತು ನೀವು ಅಲ್ಲೇ ಇರಬೇಕು. ಕತ್ತಿನ ಪುಕ್ಕ ಕೆದರಿ ನಿಲ್ಲುವುದು, ಒಂದೆರಡು ಸಲ ಕುಕ್ಕುವುದು, ಹೇಂಟೆ ಕಿರುಚಿ ಓಡುವುದು ಸಹಜ. ರಕ್ತ ಬಂದರೆ, ಒಂದೇ ಹೇಂಟೆಯನ್ನು ಬಿಡದೆ ಅಟ್ಟಿಸಿದರೆ, ಹೇಂಟೆ ಮೂಲೆಗೆ ತಲೆ ತುರುಕಿ ಅಲುಗದೆ ಕೂತರೆ ಕೂಡಲೇ ಬೇರೆ ಮಾಡಿ. ಮರುದಿನ ಬೆಳಿಗ್ಗೆ ಗೂಡಿನ ಬಾಗಿಲನ್ನು ಬೆಳಕು ಹರಿಯುತ್ತಲೇ ತೆಗೆಯಿರಿ. ಎದ್ದ ಕೂಡಲೇ ಹುಂಜದ ಉಪಟಳ ಶುರುವಾಗಬಹುದು. ಆಗ ಬಾಗಿಲು ಮುಚ್ಚಿದ್ದರೆ ಹೇಂಟೆಗಳ ಪಾಡು ಹೇಳತೀರದು.

ಹಂತ 8: ವಾರಕ್ಕೊಮ್ಮೆ ಹಿಡಿದು ಮೈ ನೋಡಿ

ದೂರದಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮೇಲಿನ ಪುಕ್ಕ ಗಾಯವನ್ನು ಮುಚ್ಚಿರುತ್ತದೆ. ರಾತ್ರಿ ಗಳದ ಮೇಲೆ ಕೂತಿರುವಾಗ ಟಾರ್ಚು ಹಿಡಿದು ಒಂದೊಂದನ್ನೇ ಕೈಗೆ ತೆಗೆದುಕೊಳ್ಳಿ. ತಲೆಯ ಹಿಂಭಾಗ ನೋಡಿ, ಹುಂಜ ಕೊಕ್ಕಿನಲ್ಲಿ ಹಿಡಿಯುವುದು ಅಲ್ಲೇ. ಆಮೇಲೆ ಬೆನ್ನು. ಆಮೇಲೆ ರೆಕ್ಕೆಯನ್ನು ಎತ್ತಿ ಪಕ್ಕೆ ನೋಡಿ. ಹುಂಜದ ಉಗುರು, ಕಾಲಮುಳ್ಳು ಸೀಳುವುದು ಈ ಪಕ್ಕೆಯನ್ನೇ, ಬಹಳ ಜನ ನೋಡದೆ ಬಿಡುವ ಜಾಗವೂ ಇದೇ.

ಪುಕ್ಕ ಹೋದದ್ದಕ್ಕೆಲ್ಲ ಹುಂಜ ಕಾರಣವಲ್ಲ. ಹೇಂಟೆ ವರ್ಷಕ್ಕೊಮ್ಮೆ ಪುಕ್ಕ ಉದುರಿಸುತ್ತದೆ, ಆಗ ಕತ್ತು, ಎದೆ, ರೆಕ್ಕೆ, ಬಾಲ ಎಲ್ಲೆಡೆ ಉದುರಿ, ಚರ್ಮದಿಂದ ಹೊಸ ಪುಕ್ಕದ ಕೊಳವೆಗಳು ಮುಳ್ಳಿನಂತೆ ಏಳುತ್ತವೆ. ಹೇನಿನದಾದರೆ ಹಿಂಬದಿಯ ಸುತ್ತ ಪುಕ್ಕದ ಬುಡಕ್ಕೆ ಬಿಳಿ ಮೊಟ್ಟೆಗಳು ಗಂಟುಗಂಟಾಗಿ ಅಂಟಿರುತ್ತವೆ. ಹುಂಜದಿಂದ ಆದದ್ದಾದರೆ ಬೆನ್ನು, ತಲೆಯ ಹಿಂಭಾಗ ಮಾತ್ರ ಬೋಳು. ಬೆರಳಾಡಿಸಿದರೆ ಮುರಿದ ಪುಕ್ಕದ ಕಡ್ಡಿಗಳು ಗದ್ದೆಯ ಕೂಳೆಯ ಹಾಗೆ ಒರಟಾಗಿ ಸಿಗುತ್ತವೆ. ಬುಡಸಮೇತ ಕಿತ್ತುಹೋದ ಪುಕ್ಕ ಎರಡು ತಿಂಗಳೊಳಗೆ ಮತ್ತೆ ಬರುತ್ತದೆ. ಮುರಿದು ಕಡ್ಡಿ ಉಳಿದದ್ದು ಮುಂದಿನ ಸಲ ಪುಕ್ಕ ಉದುರಿಸುವವರೆಗೂ ಹಾಗೇ ಇರುತ್ತದೆ. ಆದ್ದರಿಂದ ಹುಂಜವನ್ನು ಬೇರೆ ಮಾಡಿದ ಮೇಲೂ ಬೆನ್ನು ಬೋಳಾಗೇ ಇದೆ ಎಂದು ಗಾಬರಿ ಬೇಡ.

ಚರ್ಮ ಕೆಂಪಾಗಿದ್ದರೆ ಆ ಹೇಂಟೆಯನ್ನು ಬೇರೆ ಇಡಿ. ಸೀಳಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು ಅಯೋಡಿನ್ ಹಚ್ಚಿ. ಮಳೆಗಾಲದಲ್ಲಿ ನೊಣ ಕೂತು ಒಂದೆರಡು ದಿನದಲ್ಲೇ ಹುಳ ಬೀಳುತ್ತದೆ, ಹಾಗಾಗಿ ಗಾಯದ ಅಂಚಿಗೆ ಬೇವಿನೆಣ್ಣೆ ಸವರಿ ದಿನಕ್ಕೆ ಎರಡು ಬಾರಿ ನೋಡಿ. ಗಾಯದ ಹೇಂಟೆಯನ್ನು ಹಿಂಡಿನಲ್ಲೇ ಬಿಟ್ಟರೆ ಕೆಂಪು ಕಂಡ ಉಳಿದ ಹೇಂಟೆಗಳೇ ಕುಕ್ಕಿ ಕೊಲ್ಲುತ್ತವೆ. ಬೆನ್ನಿಗೆ ಬಟ್ಟೆಯ ಕವಚ ಹೊಲಿದು ಕಟ್ಟುವವರಿದ್ದಾರೆ. ಬೇಸಿಗೆಯಲ್ಲಿ ಅದು ಸರಿ. ಮಳೆಯಲ್ಲಿ ಒದ್ದೆಯಾಗಿ ಚರ್ಮ ಕೊಳೆಯುತ್ತದೆ, ಆಗ ಬಿಚ್ಚಿಬಿಡಿ.

ಗೂಡಿನ ನಡವಳಿಕೆಯಲ್ಲೂ ಸುಳಿವು ಇದೆ. ಹಗಲಲ್ಲೂ ಗಳ ಬಿಟ್ಟು ಇಳಿಯದ ಹೇಂಟೆ, ಏಕಾಏಕಿ ಕಡಿಮೆಯಾದ ಮೊಟ್ಟೆ, ತೋಟದ ಮೂಲೆಯಲ್ಲಿ ಕದ್ದು ಮೊಟ್ಟೆ ಇಡುವುದು, ಇವೆಲ್ಲ ಹುಂಜದ ಕಾಟ ಮಿತಿ ಮೀರಿದೆ ಎಂಬುದರ ಲಕ್ಷಣ.

ಹಂತ 9: ಕಾಲಮುಳ್ಳು, ಮತ್ತು ಮೈಮೇಲೆ ಬರುವ ಹುಂಜ

ಮುಳ್ಳಿನ ಒಳಗೆ ರಕ್ತವಿರುವ ಜೀವಂತ ಭಾಗ ಇದೆ. ಕತ್ತರಿ ಹಾಕಬೇಡಿ. ರಾತ್ರಿ ಹುಂಜವನ್ನು ಗೋಣಿತಾಟಿನಲ್ಲಿ ಸುತ್ತಿ ಒಬ್ಬರು ಹಿಡಿದುಕೊಳ್ಳಿ, ಇನ್ನೊಬ್ಬರು ಅರದಲ್ಲಿ ತುದಿಯನ್ನು ಮಾತ್ರ ಉಜ್ಜಿ ಮೊಂಡು ಮಾಡಿ. ಉಗುರಿನ ಚೂಪನ್ನೂ ಹಾಗೇ ತೆಗೆಯಿರಿ. ಎರಡು ತಿಂಗಳಿಗೊಮ್ಮೆ ಸಾಕು.

ಮನುಷ್ಯರ ಮೇಲೆ ಹಾರುವ ಹುಂಜವನ್ನು ಒದೆಯಬೇಡಿ, ಓಡಲೂ ಬೇಡಿ. ಒದ್ದರೆ ಅದಕ್ಕೆ ಕಾದಾಟ, ಓಡಿದರೆ ಗೆಲುವು. ಮೊರವೋ ಬುಟ್ಟಿಯೋ ಅಡ್ಡ ಹಿಡಿದು ನಿಂತುಕೊಳ್ಳಿ, ಸುಮ್ಮನಾದ ಮೇಲೆ ಹಿಡಿದು ಕಂಕುಳಲ್ಲಿ ಇರುಕಿಕೊಂಡು ಐದು ನಿಮಿಷ ನಡೆದಾಡಿ. ಮೂರ್ನಾಲ್ಕು ವಾರ ಹೀಗೆ ಮಾಡಿದರೂ ತಿದ್ದದ ಹುಂಜ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ, ಇರಬಾರದು. ಅದು ಹಾರುವುದು ಮಗುವಿನ ಮುಖದ ಎತ್ತರಕ್ಕೆ. ಮುಳ್ಳು ತಾಗಿದ ಗಾಯವನ್ನು ಸೋಪಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

ಹಂತ 10: ಮೇವು

ಅಂಗಡಿಯ ಲೇಯರ್ ಫೀಡಿನಲ್ಲಿ ಮೊಟ್ಟೆ ಚಿಪ್ಪಿಗೆಂದು ಸುಣ್ಣದಂಶ ನೂರಕ್ಕೆ ಮೂರೂವರೆಯಿಂದ ನಾಲ್ಕರಷ್ಟು ಇರುತ್ತದೆ. ಹುಂಜಕ್ಕೆ ಅಷ್ಟು ಬೇಡ, ಮರಿಗಳಿಗಂತೂ ಅದರಿಂದ ಮೂತ್ರಪಿಂಡ ಕೆಡುತ್ತದೆ. ಎಲ್ಲಕ್ಕೂ ಗ್ರೋವರ್ ಫೀಡ್ (ಬೆಳೆಯುವ ಕೋಳಿಗಳ ಮೇವು) ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿ ಇಡಿ. ಬೇಕಾದ ಹೇಂಟೆ ತಾನೇ ಹೋಗಿ ತಿನ್ನುತ್ತದೆ. ಮನೆಯ ನುಚ್ಚು, ತೌಡು, ಮೆಕ್ಕೆಜೋಳ ಸಂಜೆಗೆ. ಎಲೆಅಡಿಕೆಯ ಸುಣ್ಣ ಮಾತ್ರ ಹಾಕಬೇಡಿ, ಗಂಟಲು ಸುಡುತ್ತದೆ.

ಹಂತ 11: ಕಾವಿಗೆ ಇಡುವ ಮೊದಲು ಪರೀಕ್ಷೆ

ಹುಂಜ ಬಿಟ್ಟ ಮರುದಿನದ ಮೊಟ್ಟೆಯನ್ನೇ ಕಾವಿಗೆ ಇಟ್ಟು, ಇಪ್ಪತ್ತೊಂದು ದಿನ ಕಾದು, ಎಲ್ಲ ಗೊಡ್ಡು ಎಂದು ಬೇಸರಪಟ್ಟವರಿದ್ದಾರೆ. ಎರಡು ವಾರ ಬಿಟ್ಟು ಮೊಟ್ಟೆ ಕೂಡಿಡಿ. ಅದಕ್ಕೂ ಮೊದಲು ಅಡುಗೆಗೆ ಒಡೆಯುವ ಮೊಟ್ಟೆ ನೋಡಿ. ಹಳದಿಯ ಮೇಲಿನ ಬಿಳಿ ಚುಕ್ಕೆ ಅಂಕುಡೊಂಕಾಗಿ ಗಟ್ಟಿಯಾಗಿದ್ದರೆ ಗೊಡ್ಡು. ಬಳೆಯಂತೆ ದುಂಡಗೆ, ನಡುವೆ ತಿಳಿಯಾಗಿದ್ದರೆ ಹುಂಜದ ಕೆಲಸ ಆಗಿದೆ. ಆರರಲ್ಲಿ ಐದು ಬಳೆ ಕಂಡ ಮೇಲೆ ಕಾವಿಗೆ ಇಡಿ. ಇಂಥ ಮೊಟ್ಟೆ ತಿನ್ನಲು ಯಾವ ತೊಂದರೆಯೂ ಇಲ್ಲ, ದಿನಾ ಎತ್ತಿಡಬೇಕು ಅಷ್ಟೆ. ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಹಾಗೇ ಬಿಟ್ಟ ಮೊಟ್ಟೆ ಒಳಗೇ ಬೆಳೆಯಲು ಶುರು ಮಾಡುತ್ತದೆ.

ಕೂಡಿಟ್ಟ ಮೊಟ್ಟೆ ಒಂದು ವಾರ ಮೀರದಿರಲಿ, ಚೂಪು ತುದಿ ಕೆಳಗಿರಲಿ. ನಾಟಿ ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಏಳನೇ ರಾತ್ರಿ ಟಾರ್ಚಿಗೆ ಹಿಡಿದರೆ ಜೇಡನ ಬಲೆಯಂಥ ರಕ್ತನಾಳ ಕಾಣಬೇಕು. ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಮರಿ ಮಾಡಿಸುವುದು ಒಳ್ಳೆಯದು. ಮಳೆಗಾಲದ ಹೂಮರಿಗಳನ್ನು ಶೀತ, ರಕ್ತಭೇದಿ ಬಿಡುವುದಿಲ್ಲ.

ಹಂತ 12: ಹೆಚ್ಚಾದ ಹುಂಜಗಳು

ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಹುಂಜ. ಹತ್ತು ಮರಿ ಎದ್ದರೆ ಐದು ಹುಂಜ ಎಂದು ಇಟ್ಟುಕೊಳ್ಳಿ. ಮೂರು ತಿಂಗಳಿಗೆ ಕತ್ತಿನ, ಸೊಂಟದ ಪುಕ್ಕ ಚೂಪಾಗಿ ಉದ್ದವಾದವನ್ನು ಗುರುತು ಮಾಡಿ, ನಾಲ್ಕು ತಿಂಗಳಿಗೆ ಎಲ್ಲವನ್ನೂ ಒಂದೇ ಗೂಡಿಗೆ, ಹೇಂಟೆಗಳು ಕಣ್ಣಿಗೆ ಬೀಳದ ಕಡೆ ಹಾಕಿ. ಹೇಂಟೆ ಕಾಣದಿದ್ದರೆ ಹುಂಜಗಳ ಜಗಳ ಬಹಳ ಕಡಿಮೆ. ಆರೇಳು ತಿಂಗಳೊಳಗೆ ಮಾರಿ ಇಲ್ಲವೇ ಮನೆಗೆ ಬಳಸಿ. ಪ್ರೀತಿಯಿಂದ ಸಾಕಿದ್ದು ಕಡಿಯಲಾರೆ ಎನ್ನುವವರು ಮರಿ ಮಾಡಿಸುವ ಮೊದಲೇ ಇದನ್ನು ಯೋಚಿಸಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಚೌಡಿಗೋ ಭೂತಕ್ಕೋ ಹರಕೆ ಬಿಟ್ಟ ಹುಂಜವನ್ನು ಆ ದಿನ ಬರುವವರೆಗೆ ಮುಟ್ಟುವ ಹಾಗಿಲ್ಲ. ಅದು ಹಿಂಡಿನಲ್ಲೇ ಬೆಳೆದು ಎರಡನೇ ಹುಂಜವಾಗಿ, ವರ್ಷವಿಡೀ ಕಾದಾಟ ನಡೆಯುತ್ತದೆ. ಹರಕೆಯ ಹುಂಜಕ್ಕೆ ಮೊದಲ ದಿನದಿಂದಲೇ ಬೇರೆ ಗೂಡು ಮಾಡಿ.

ಹಿಂಡಿನ ಹುಂಜವನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಲ್ಲದಿದ್ದರೆ ತನ್ನ ಮಕ್ಕಳನ್ನೇ ಅದು ಕೂಡುತ್ತದೆ, ಮರಿಗಳು ಬಡಕಲಾಗುತ್ತಾ ಹೋಗುತ್ತವೆ. ಬೇರೆ ಊರಿನ ಮನೆಯೊಂದರ ಜೊತೆ ಹುಂಜ ಅದಲುಬದಲು ಮಾಡಿಕೊಳ್ಳುವುದು ಸುಲಭದ ದಾರಿ. ಹಳೆಯ ಹುಂಜ ಹೋದ ಮೇಲೂ ಅದರ ಬೀಜ ಹೇಂಟೆಯ ಮೈಯಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರ ಉಳಿಯುತ್ತದೆ. ಹೊಸ ಹುಂಜದ ಮರಿಯೇ ಬೇಕಿದ್ದರೆ ಮೂರು ವಾರದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ನಾಲ್ಕನೇ ವಾರದ ಮೊಟ್ಟೆಗೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆದು ಕಾವಿಗೆ ತೆಗೆದಿಡಿ.